ಕಣ್ಣಿಗೆ ಗರಿ, ಹೊಟ್ಟು ಬಡಿದಾಗ ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿಕೊಳ್ಳಬೇಡಿ

ಭತ್ತದ ಒಕ್ಕಣೆ, ಕಬ್ಬಿನ ಕಟಾವು ಶುರುವಾದರೆ ಸಾಕು, ಕಣ್ಣಿನ ಆಸ್ಪತ್ರೆಗೆ ಬರುವ ಎಷ್ಟೋ ಜನರದ್ದು ಒಂದೇ ಕತೆ. ಗರಿಯೋ ಹೊಟ್ಟೋ ಕಣ್ಣಿಗೆ ಬಡಿದಿರುತ್ತದೆ. ಉಜ್ಜಿಕೊಂಡು ಕೆಲಸ ಮುಂದುವರಿಸಿರುತ್ತಾರೆ. ಮರುದಿನ ಕಣ್ಣು ಕೆಂಪಗಾಗಿ ನೀರು ಸುರಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಒಂದು ಡ್ರಾಪ್ಸ್ ಸಿಗುತ್ತದೆ. ಇಲ್ಲವೇ ಅಜ್ಜಿಗೆ ಪೊರೆ ಆಪರೇಷನ್ ಆದಾಗ ಕೊಟ್ಟದ್ದು ಮನೆಯಲ್ಲೇ ಉಳಿದಿರುತ್ತದೆ. ಅದನ್ನು ಹಾಕಿದರೆ ಎರಡು ಮೂರು ದಿನದಲ್ಲಿ ಕೆಂಪು ಇಳಿದು ಉರಿ ತಗ್ಗುತ್ತದೆ. ವಾಸಿಯಾಯಿತು ಅಂದುಕೊಳ್ಳುವಷ್ಟರಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡುತ್ತದೆ, ನಿದ್ದೆಗೆಡಿಸುವ ನೋವು ಬರುತ್ತದೆ, ದೃಷ್ಟಿ ಮಂಜಾಗುತ್ತದೆ. ಆಸ್ಪತ್ರೆಗೆ ಬರುವುದು ಆಮೇಲೆ.

ಇಂಥ ಎಷ್ಟೋ ಡ್ರಾಪ್ಸ್‌ಗಳಲ್ಲಿ ಆ್ಯಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಬೆರೆತಿರುತ್ತದೆ. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುತ್ತದೆಯೇ ಹೊರತು ರೋಗಾಣುವನ್ನು ಕೊಲ್ಲುವುದಿಲ್ಲ. ಗಿಡ, ಮಣ್ಣು ತಾಗಿ ಆದ ಗಾಯಕ್ಕೆ ಫ್ಯೂಸೇರಿಯಂ, ಆಸ್ಪರ್‌ಜಿಲಸ್‌ನಂಥ ಫಂಗಸ್ ಸೇರಿಕೊಳ್ಳಬಹುದು. ಸಾಮಾನ್ಯ ಆ್ಯಂಟಿಬಯಾಟಿಕ್‌ಗೆ ಅದು ಜಗ್ಗುವುದಿಲ್ಲ. ಅದರೊಡನೆ ಹೋರಾಡುವ ದೇಹದ ಶಕ್ತಿಯನ್ನೂ ಸ್ಟೀರಾಯ್ಡ್ ಕುಗ್ಗಿಸುತ್ತದೆ. ಹೊರಗೆ ಕೆಂಪು ಇಳಿಯುತ್ತಿರುವಾಗಲೇ ಒಳಗೆ ಫಂಗಸ್ ಬೇರೂರುತ್ತದೆ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ನಡುವಿನಲ್ಲಿ ಅರ್ಧ ಮಿಲಿಮೀಟರಿನಷ್ಟೇ ದಪ್ಪ. ಅದು ಕರಗಿ ತೂತು ಬಿದ್ದರೆ ಕಣ್ಣೇ ಹೋಗಬಹುದು. ವಾಸಿಯಾದರೂ ಬಿಳಿ ಹೂ ಉಳಿದರೆ ಕಾರ್ನಿಯಾ ಕಸಿಗಾಗಿ ದಾನದ ಕಣ್ಣಿಗೆ ಕಾಯಬೇಕು.

ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಹಲವು ಬ್ರಾಂಡ್‌ಗಳ ಹೆಸರಿನ ಕೊನೆಗೆ ಬರುವ ‘ಡಿ’ ಡೆಕ್ಸಾಮೆಥಾಸೋನಿನದ್ದೇ. ಆಪರೇಷನ್ ಆದವರು ಮಾತ್ರ ಇದನ್ನು ಓದಿ ತಮ್ಮ ಡ್ರಾಪ್ಸ್ ನಿಲ್ಲಿಸಬಾರದು. ಅವರಿಗೆ ವೈದ್ಯರು ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ.

ಏನಾದರೂ ಬಡಿದ ಕೂಡಲೇ ಶುದ್ಧ ನೀರು ಧಾರಾಳವಾಗಿ ಹಾಕಿ ತೊಳೆಯಿರಿ. ಉಜ್ಜಬೇಡಿ, ಬಟ್ಟೆ ಕಟ್ಟಬೇಡಿ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ, ಯಾವುದೂ ಬೇಡ. ನಾಲಿಗೆಯಿಂದ ಕಸ ತೆಗೆಸುವ ರೂಢಿ ಕೆಲವು ಊರುಗಳಲ್ಲಿ ಇನ್ನೂ ಇದೆ. ಬಾಯಿಯ ರೋಗಾಣುಗಳು ನೇರವಾಗಿ ಗಾಯಕ್ಕೆ ಇಳಿಯುತ್ತವೆ.

ಮದ್ರಾಸ್ ಐ ಅಂತ ಸುಮ್ಮನಿರುವವರೂ ಬಹಳ. ಮದ್ರಾಸ್ ಐ ಸಾಮಾನ್ಯವಾಗಿ ಒಂದು ಕಣ್ಣಿನಿಂದ ಇನ್ನೊಂದಕ್ಕೂ ಹರಡುತ್ತದೆ, ಪಿಸುರು ಬರುತ್ತದೆ, ಒರೆಸಿಕೊಂಡರೆ ದೃಷ್ಟಿ ಸ್ಪಷ್ಟವಾಗಿಯೇ ಇರುತ್ತದೆ. ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ಅಂಕಿ ನೋಡಿ. ಕೆಂಪಾದ ಕಣ್ಣಿಗೆ ಅಂಕಿ ಮಸುಕಾದರೆ, ಬೆಳಕು ತಡೆಯಲಾಗದಿದ್ದರೆ, ನೋವು ಹೆಚ್ಚುತ್ತಿದ್ದರೆ, ಬಿಳಿ ಚುಕ್ಕೆ ಕಂಡರೆ ಅಂದೇ ನೇತ್ರತಜ್ಞರ ಬಳಿ ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಬರೀ ಕೆಂಪು, ನೋವು ಇದ್ದರೂ ಸಾಕು, ಲೆನ್ಸ್ ತೆಗೆದು ಹೊರಡಬೇಕು.

ಅಲ್ಲಿ ಬಣ್ಣದ ಡ್ರಾಪ್ಸ್ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಗಾಯ ಹಸಿರಾಗಿ ಹೊಳೆಯುತ್ತದೆ. ಹುಣ್ಣಿನಿಂದ ಚೂರು ಕೆರೆದು ಮೈಕ್ರೋಸ್ಕೋಪಿನಲ್ಲಿ ಪರೀಕ್ಷಿಸುತ್ತಾರೆ. ಫಂಗಸ್ ಇದ್ದರೆ ಶೇ. 5ರ ನಾಟಮೈಸಿನ್ ಡ್ರಾಪ್ಸ್ ಕೊಡುವುದು ವಾಡಿಕೆ. ಮೊದಮೊದಲು ಹೆಚ್ಚಾಗಿ ಗಂಟೆಗೊಮ್ಮೆ ಹಾಕಬೇಕಾಗುತ್ತದೆ, ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ನೋವು ಹೋಯಿತೆಂದು ನಡುವೆ ಬಿಡಬೇಡಿ. ಈಗಾಗಲೇ ಏನು ಹಾಕಿದ್ದೀರೋ ಆ ಬಾಟಲಿಯನ್ನು ಜೊತೆಗೇ ಒಯ್ಯಿರಿ, ಬೈಯುತ್ತಾರೆಂದು ಮುಚ್ಚಿಡಬೇಡಿ. ಸ್ಟೀರಾಯ್ಡ್ ಬಿದ್ದ ಹುಣ್ಣು ನೋಡಲು ಬೇರೆಯೇ ಥರ ಇರಬಹುದು, ವೈದ್ಯರಿಗೆ ಆ ಸುಳಿವು ಬೇಕೇ ಬೇಕು.