ದೋಸೆಗಿಂತ ಮ್ಯಾನೇಜರ್‌ಗೇ ಜಾಸ್ತಿ ಅಂಕ

ನಮ್ಮ ಬೀದಿ ಕೊನೆಯ ದರ್ಶಿನಿಗೆ ನಾನು 3 ವರ್ಷದಿಂದ ಗಿರಾಕಿ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಶುರುವಾದ ಈ ನಿಂತು ತಿನ್ನುವ ಹೋಟೆಲುಗಳಲ್ಲಿ ಮಾತಿಗೆ ಪುರುಸೊತ್ತಿರುವುದಿಲ್ಲ. ಬಿಲ್ ಮಾಡಿಸು, ಟೋಕನ್ ಕೊಡು, ತಿನ್ನು, ಹೊರಡು. ಆದರೂ ಬೆಳಗ್ಗೆ ಎಂಟೂವರೆಯ ನೂಕುನುಗ್ಗಲಿನಲ್ಲಿ ಕೆಲಸದವರ ಮುಖ ನೋಡಿದರೆ ಸಾಕು, ಒಳಗಿನ ಕತೆ ಗೊತ್ತಾಗುತ್ತದೆ.

ಹಳೆಯ ಮ್ಯಾನೇಜರ್ ಗಿರಾಕಿಗಳ ಎದುರೇ ಬೈಯುತ್ತಿದ್ದರು. ಕಾಫಿ ಕೌಂಟರಿನ ಹುಡುಗ ಮೊದಲೇ ಪುಕ್ಕಲು. ಲೋಟ ಇಡುವಾಗ ಅವನ ಕೈ ನಡುಗುತ್ತಿತ್ತು. ದೋಸೆ ಭಟ್ಟರದು ಬೇರೆ ಸ್ವಭಾವ. ಬೈಸಿಕೊಂಡ ಸಿಟ್ಟನ್ನೆಲ್ಲ ಕಾವಲಿ ಮೇಲೆ ತೀರಿಸುತ್ತಿದ್ದರು. ಸೀದ ದೋಸೆ ತಿಂದವರು ನಾವು!

ಹೋದ ವರ್ಷ ಹೊಸಬರು ಬಂದರು. ಒಂದು ದಿನ ಆ ಹುಡುಗ ನನ್ನ ಶರ್ಟಿನ ಮೇಲೆ ಅರ್ಧ ಲೋಟ ಕಾಫಿ ಚೆಲ್ಲಿದ. ಮ್ಯಾನೇಜರ್ ಓಡಿ ಬಂದು, "ತಪ್ಪಾಯ್ತು ಸರ್, ಬೇರೆ ಕೊಡ್ತೀವಿ" ಅಂದರು. ಆಮೇಲೆ ಹುಡುಗನ ಕಡೆ ತಿರುಗಿ, "ಕೈ ಸುಟ್ಕೊಂಡ್ಯೇನೋ? ನಲ್ಲಿ ಕೆಳಗೆ ಹಿಡಿ, ಹೋಗು" ಅಂದು ತಾವೇ ಡಿಕಾಕ್ಷನ್ ಬಗ್ಗಿಸತೊಡಗಿದರು. ಅಷ್ಟೇ. ಈಗ ಹುಡುಗ ನಾನು ಬಾಯಿ ಬಿಡುವ ಮೊದಲೇ "ಸಕ್ಕರೆ ಕಮ್ಮಿ ಅಲ್ವಾ ಸರ್?" ಅನ್ನುತ್ತಾನೆ. ಭಟ್ಟರು ಈಗಲೂ ಗುರ್ ಅನ್ನುತ್ತಾರೆ. ಅದು ಹುಟ್ಟುಗುಣ, ಬಿಡಿ. ದೋಸೆ ಮಾತ್ರ ಸೀಯುವುದಿಲ್ಲ.

ಚಟ್ನಿ ಇನ್ನೂ ನೀರು ನೀರು. ಕೈ ತೊಳೆಯುವ ಜಾಗವೂ ಗಲೀಜು. ಮಸಾಲೆ ದೋಸೆಗೆ 5ಕ್ಕೆ 3, ಕಾಫಿಗೆ ನಾಲ್ಕೂವರೆ. ಒಂಬತ್ತೂವರೆ ಮೇಲೆ ಹೋಗಿ, ನಿಲ್ಲಲು ಜಾಗವಾದರೂ ಸಿಗುತ್ತದೆ.