ಡಿವಿಡಿಯನ್ನು ‘4ಕೆ’ ಮಾಡಿಕೊಡುವ ತಂತ್ರಾಂಶಕ್ಕೆ ಹಣ ಕಟ್ಟುವ ಮುನ್ನ

ಹಳೆಯ ಡಿವಿಡಿ ಸಿನಿಮಾಗಳನ್ನು ಕೃತಕ ಬುದ್ಧಿಮತ್ತೆಯಿಂದ 4ಕೆಗೆ ಏರಿಸುತ್ತೇವೆ ಎನ್ನುವ ತಂತ್ರಾಂಶವೊಂದನ್ನು ಹಣ ಕೊಟ್ಟು ಕೊಂಡೆ. ಹೆಸರು ಬೇಡ, ಇವುಗಳ ಜಾಹೀರಾತಿನ ವರಸೆ ಹೆಚ್ಚುಕಡಿಮೆ ಒಂದೇ. ಒಂದು ಸಿನಿಮಾಕ್ಕಾಗಿ ಕಂಪ್ಯೂಟರ್ ರಾತ್ರಿಯಿಡೀ ಬುಸುಗುಟ್ಟಿತು. ಕೊನೆಗೆ ಸಿಕ್ಕಿದ ಫೈಲಿನ ಗಾತ್ರ ಮೂಲದ ಹಲವು ಪಟ್ಟು. ಚಿತ್ರ ಮಾತ್ರ ಮೂಲಕ್ಕಿಂತ ಕಳಪೆ.

ನಾಯಕಿಯ ಹುಬ್ಬಿನ ಕೂದಲನ್ನು ಎಣಿಸಬಹುದು, ಕೆನ್ನೆ ಮಾತ್ರ ಮೇಣದ ಗೊಂಬೆಯದು. ಫಿಲ್ಮಿನ ಸಹಜ ಕಣಗಳನ್ನು ಕೊಳೆಯೆಂದು ಭಾವಿಸಿ ಒರೆಸಿಹಾಕಿದ ಫಲ ಅದು. ಹಿನ್ನೆಲೆಯ ಜನಜಂಗುಳಿಯಲ್ಲಿ ಕೆಲವರ ಕಣ್ಣು ಒಂದು ಕಡೆ, ಮೂಗು ಇನ್ನೊಂದು ಕಡೆ. ಅಂಗಡಿ ಫಲಕದ ಮಸುಕು ಅಕ್ಷರಗಳು ಸ್ಫುಟವಾಗಿದ್ದವು, ಆದರೆ ಯಾವ ಲಿಪಿಗೂ ಸೇರಿರಲಿಲ್ಲ. ಕ್ಯಾಮೆರಾ ಸರಿದಾಗಲೆಲ್ಲ ಇಟ್ಟಿಗೆ ಗೋಡೆ ಮಿಣಮಿಣ ನಡುಗುತ್ತಿತ್ತು.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಪಾಲ್ (PAL) ಎಂಬ ಟಿವಿ ಮಾನದಂಡದ ಡಿವಿಡಿಯಲ್ಲಿ ಒಂದು ಫ್ರೇಮ್ 720×576, ಅಂದರೆ 4,14,720 ಪಿಕ್ಸೆಲ್. 4ಕೆ ಮಾನಿಟರಿನದು 3840×2160, ಅಂದರೆ 82,94,400. ಸರಿಯಾಗಿ 20 ಪಟ್ಟು! ಪರದೆಯ ಪ್ರತಿ 20 ಪಿಕ್ಸೆಲ್‌ಗಳಲ್ಲಿ 19 ಊಹೆಯವು. ಬಣ್ಣದ ವಿವರವಂತೂ ಡಿವಿಡಿಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಅರ್ಧವೇ ಇರುತ್ತದೆ. ಫ್ರೇಮಿನ ಬೆಸ ಸಾಲುಗಳನ್ನೂ ಸಮ ಸಾಲುಗಳನ್ನೂ ಬೇರೆ ಬೇರೆಯಾಗಿ ಇಡುವ ಇಂಟರ್‌ಲೇಸ್ ಡಿಸ್ಕಾದರೆ, ಚಲನೆಯಲ್ಲಿ ಮೂಡುವ ಬಾಚಣಿಗೆ ಗೆರೆಗಳನ್ನು ಮೊದಲೇ ತೆಗೆಯದಿದ್ದಲ್ಲಿ ತಂತ್ರಾಂಶ ಅವನ್ನೂ ನಿಜವಾದ ವಿವರವೆಂದು ನಂಬಿ ತಿದ್ದಿ ತೀಡುತ್ತದೆ.

ನಿಜವಾದ ಮೋಸವಿರುವುದು ‘ಮೊದಲು–ನಂತರ’ ಚಿತ್ರಗಳಲ್ಲಿ. ನನಗೆ ತೋರಿಸಿದ ‘ಮೊದಲು’ ಚಿತ್ರದಲ್ಲಿ ಪಿಕ್ಸೆಲ್‌ಗಳನ್ನು ಚೌಕಚೌಕವಾಗಿ ಹಿಗ್ಗಿಸಲಾಗಿತ್ತು. ಸಿನಿಮಾವನ್ನು ಹಾಗೆ ನೋಡುವವರು ಯಾರು? ಪೂರ್ಣ ಪರದೆಯಲ್ಲಿ ಸಿನಿಮಾ ಹಾಕಿದಾಗ ಪ್ಲೇಯರ್ ತಾನಾಗಿಯೇ ಅದನ್ನು ಹಿಗ್ಗಿಸುತ್ತದೆ, ಅದೂ ನಯವಾಗಿ. ಎಂಪಿವಿಯಂಥ (mpv) ಉಚಿತ ಪ್ಲೇಯರಿನಲ್ಲಿ ಹಿಗ್ಗಿಸುವ ವಿಧಾನ ಬೈಕ್ಯೂಬಿಕ್ ಬೇಕೋ ಲ್ಯಾಂಜೋಸ್ ಬೇಕೋ ಎಂಬುದನ್ನೂ ನಾವೇ ಆರಿಸಬಹುದು. ಲ್ಯಾಂಜೋಸ್ ಅಂಚುಗಳ ಸುತ್ತ ತೆಳು ಪ್ರಭೆ ಮೂಡಿಸುವುದುಂಟು, ಆದರೆ ಇಲ್ಲದ ಮೂಗನ್ನು ಹುಟ್ಟಿಸುವುದಿಲ್ಲ. ಅದೇ ಡಿವಿಡಿಯನ್ನು ಎಂಪಿವಿಯಲ್ಲಿ ಹಾಕಿ ನೋಡಿದೆ. ಸ್ವಲ್ಪ ಮೆದುವಾಗಿತ್ತು, ಆದರೆ ಮನುಷ್ಯರು ಮನುಷ್ಯರಾಗಿಯೇ ಇದ್ದರು.

1080ಪಿ (1920×1080) ಸಿನಿಮಾ ನಿಮ್ಮಲ್ಲಿದ್ದರೆ ಈ ಗೋಜೇ ಬೇಡ. 4ಕೆ ಮಾನಿಟರಿನಲ್ಲಿ ಅದು ಅಡ್ಡಕ್ಕೂ ಉದ್ದಕ್ಕೂ ಸರಿಯಾಗಿ ಎರಡು ಪಟ್ಟಾಗುತ್ತದೆ. 1440ಪಿ (2560×1440) ಮಾನಿಟರಿನಲ್ಲಿ 1.33 ಪಟ್ಟು ಹಿಗ್ಗುವುದರಿಂದ ಚೂರು ಮೆದುವಾಗಬಹುದು, ಅಷ್ಟೇ. ಮಾನಿಟರಿನ ಶಾರ್ಪ್‌ನೆಸ್ ಏರಿಸಿ ಅದನ್ನು ಸರಿಪಡಿಸಲು ಹೋಗಬೇಡಿ. ಕೈಯಳತೆಯ ದೂರದಲ್ಲಿ ಕುಳಿತು ನೋಡುವ ಪರದೆಯಲ್ಲಿ, ಹಾಗೆ ಏರಿಸಿದಾಗ ಅಂಚುಗಳ ಸುತ್ತ ಮೂಡುವ ಬಿಳಿ ಗೆರೆ ಕಣ್ಣಿಗೆ ರಾಚುತ್ತದೆ.

ಕೊಳ್ಳಲೇಬೇಕೆಂದಿದ್ದರೆ ಪ್ರಾಯೋಗಿಕ ಆವೃತ್ತಿಗೆ ನಿಮ್ಮದೇ ಸಿನಿಮಾದ ಗುಂಪಿನ ದೃಶ್ಯವೊಂದನ್ನು ಕೊಡಿ. ಸ್ಥಿರಚಿತ್ರ ಸಾಲದು, ಓಡಿಸಿಯೇ ನೋಡಿ. ಮರುಪಾವತಿಯ ಷರತ್ತನ್ನೂ ಓದಿಕೊಳ್ಳಿ: ಒಂದು ಫೈಲನ್ನಾದರೂ ಪರಿವರ್ತಿಸಿದವರಿಗೆ ಹಣ ವಾಪಸಿಲ್ಲ ಎಂಬ ಸಾಲು ತೋರಿಸಿ ನನ್ನ ಕೋರಿಕೆಯನ್ನು ತಳ್ಳಿಹಾಕಿದರು.