ಆಟೋಕ್ಯಾಡ್‌ನಲ್ಲಿ ಬ್ಲಾಕಿನ ಬೇಸ್ ಪಾಯಿಂಟ್ ಬದಲಿಸುವ ಸೌಲಭ್ಯ: ಬಳಕೆದಾರನ ವಿಮರ್ಶೆ

ಬಾಗಿಲು, ಕಿಟಕಿ, ಕಮೋಡ್, ವಾಶ್ ಬೇಸಿನ್ ಮುಂತಾಗಿ ಮನೆಯ ಪ್ಲಾನಿನಲ್ಲಿ ಪದೇ ಪದೇ ಬರುವ ವಸ್ತುಗಳನ್ನು ಒಮ್ಮೆ ಬರೆದು ಬ್ಲಾಕ್ (ಒಂದೇ ವಸ್ತುವಿನಂತೆ ಮತ್ತೆ ಮತ್ತೆ ಬಳಸಬಹುದಾದ ಗೆರೆಗಳ ಗುಂಪು) ಮಾಡಿಟ್ಟುಕೊಳ್ಳುವುದು ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್ ಬಳಸುವ ಎಲ್ಲರ ರೂಢಿ. ಆ ಬ್ಲಾಕನ್ನು ಯಾವ ಬಿಂದುವಿನಲ್ಲಿ ಹಿಡಿದು ಡ್ರಾಯಿಂಗಿನಲ್ಲಿ ಇಡುತ್ತೇವೆಯೋ ಅದೇ ಅದರ ಬೇಸ್ ಪಾಯಿಂಟ್. ಬ್ಲಾಕ್ ಮಾಡುವಾಗ ಬಿಂದುವನ್ನು ಆರಿಸಲು ಮರೆತರೆ ತಂತ್ರಾಂಶವು 0,0,0 ಅನ್ನೇ ಬೇಸ್ ಪಾಯಿಂಟ್ ಎಂದು ಹಿಡಿಯುತ್ತದೆ; ಮುಂದೆ ಇನ್ಸರ್ಟ್ ಮಾಡುವಾಗ ಕರ್ಸರ್ ಒಂದು ಕಡೆ ಇದ್ದರೆ ಬಾಗಿಲು ಪರದೆಯ ಆಚೆ ಎಲ್ಲೋ ಇರುತ್ತದೆ. ಕಂಟ್ರೋಲ್-ಸಿ ಮಾಡಿ ಬ್ಲಾಕ್ ಆಗಿ ಪೇಸ್ಟ್ ಮಾಡಿದರೆ ಎಡಗಡೆಯ ಕೆಳಮೂಲೆಯೇ ಗತಿ. ಆದ್ದರಿಂದ ಬೇಸ್ ಪಾಯಿಂಟನ್ನು ಆಮೇಲೆ ಬದಲಿಸುವ ಸೌಲಭ್ಯ ಎಷ್ಟು ಚೆನ್ನಾಗಿದೆ ಎಂಬುದು ಈ ತಂತ್ರಾಂಶದ ಮಟ್ಟಿಗೆ ಸಣ್ಣ ಪ್ರಶ್ನೆಯಲ್ಲ.

ಒಂದೇ ಒಂದು ಸಲದ ಅಗತ್ಯಕ್ಕಾದರೆ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಬ್ಲಾಕ್ ಕರ್ಸರಿಗೆ ನೇತುಕೊಂಡಿರುವಾಗಲೇ ಆದೇಶಗಳನ್ನು ಟೈಪ್ ಮಾಡುವ ಕಮಾಂಡ್ ಲೈನಿನಲ್ಲಿ 'ಬೇಸ್‌ಪಾಯಿಂಟ್' ಆಯ್ಕೆಯನ್ನು ಕೊಟ್ಟರೆ, ಬ್ಲಾಕ್ ಇದ್ದಲ್ಲೇ ಕ್ಷಣಕಾಲ ನಿಂತು ಹೊಸ ಬಿಂದುವನ್ನು ಕೇಳುತ್ತದೆ, ಮೂಲ ಬ್ಲಾಕಿಗೆ ಏನೂ ಆಗುವುದಿಲ್ಲ. ಇಷ್ಟು ಉಪಯುಕ್ತವಾದ ಆಯ್ಕೆಯನ್ನು ವರ್ಷಗಟ್ಟಲೆ ಗಮನಿಸದೆ ಇದ್ದವರಲ್ಲಿ ನಾನೂ ಒಬ್ಬ.

ಶಾಶ್ವತವಾಗಿ ಬದಲಿಸಲು 2006ರ ಆವೃತ್ತಿಯಲ್ಲಿ ಬಂದ, ಬ್ಲಾಕಿನ ಒಳಗಿನ ಗೆರೆಗಳನ್ನೇ ತಿದ್ದುವ ಬ್ಲಾಕ್ ಎಡಿಟರ್ ಇದೆ. ಅದರೊಳಗೆ 0,0 ಎಂಬ ಮೂಲಬಿಂದುವೇ ಬೇಸ್ ಪಾಯಿಂಟ್ ಆಗಿರುವುದರಿಂದ, ಎಲ್ಲವನ್ನೂ ಆರಿಸಿ, ಮೂವ್ ಕಮಾಂಡ್ ಕೊಟ್ಟು, ಬೇಕಾದ ಮೂಲೆಯನ್ನು ಹಿಡಿದು 0,0ಕ್ಕೆ ತಂದಿಟ್ಟರೆ ಕೆಲಸ ಮುಗಿಯಿತು. ಕರ್ಸರಿನ ಪಕ್ಕದಲ್ಲೇ ಅಂಕಿಗಳನ್ನು ಟೈಪ್ ಮಾಡಲು ಬಿಡುವ ಡೈನಮಿಕ್ ಇನ್‌ಪುಟ್ ಚಾಲೂ ಇದ್ದಾಗ ಮಾತ್ರ ಬರೀ 0,0 ಎಂದು ಟೈಪ್ ಮಾಡಿದರೆ ಒಂದು ಗೆರೆಯೂ ಅಲುಗುವುದಿಲ್ಲ, ಏಕೆಂದರೆ ಎರಡನೆಯ ಬಿಂದುವನ್ನು ಅದು ಮೊದಲನೆಯದರಿಂದ ಅಳೆಯುತ್ತದೆ. ಮೂಲಬಿಂದುವಿನಿಂದಲೇ ಅಳೆಯಲಿ ಎಂದು ಸೂಚಿಸಲು #0,0 ಎಂದೇ ಕೊಡಬೇಕು.

ನಿಜವಾದ ತೊಡಕು ಇರುವುದು ಈಗಾಗಲೇ ಪ್ಲಾನಿನಲ್ಲಿ ಕೂತಿರುವ ಬ್ಲಾಕುಗಳ ವಿಷಯದಲ್ಲಿ. ಬೇರೊಬ್ಬರಿಂದ ಬಂದ ಫೈಲೊಂದರಲ್ಲಿ 900 ಮಿ.ಮೀ. ಬಾಗಿಲಿನ ಬೇಸ್ ಪಾಯಿಂಟ್ ತೆರಪಿನ ನಡುಮಧ್ಯದಲ್ಲಿತ್ತು. ಅದನ್ನು ಹಿಂಜ್ ಇರುವ ಮೂಲೆಗೆ ತರುವ ಆತುರದಲ್ಲಿ ಎಡಿಟರನ್ನು ಸೇವ್ ಮಾಡಿ ಹೊರಬಂದೆ. ಅಷ್ಟೂ ಬಾಗಿಲುಗಳು ತಲಾ 450 ಮಿ.ಮೀ. ಸರಿದು ಗೋಡೆಯೊಳಗೆ ಹೊಕ್ಕಿದ್ದವು. ಪ್ರತಿ ಬಾಗಿಲಿನ ಇನ್ಸರ್ಷನ್ ಪಾಯಿಂಟ್ (ಪ್ಲಾನಿನಲ್ಲಿ ಅದರ ಬೇಸ್ ಪಾಯಿಂಟನ್ನು ಇಟ್ಟ ಜಾಗ) ಇದ್ದಲ್ಲೇ ಉಳಿದು, ಅದರ ಸುತ್ತಲಿನ ಗೆರೆಗಳಷ್ಟೇ ಸರಿಯುವುದರಿಂದ ಇದು ತರ್ಕಬದ್ಧವೇ. ಆದರೆ ತಿರುಗಿಸಿದ, ಮಿರರ್ ಮಾಡಿದ ಬಾಗಿಲುಗಳು ಒಂದೊಂದೂ ತನ್ನದೇ ದಿಕ್ಕಿಗೆ ಜಾರಿರುವುದರಿಂದ, ಎಲ್ಲವನ್ನೂ ಒಟ್ಟಿಗೆ ಆರಿಸಿ ಒಂದೇ ಮೂವ್‌ನಲ್ಲಿ ಹಿಂದಕ್ಕೆ ತರಲಾಗುವುದಿಲ್ಲ. ಅನ್‌ಡು ಇಲ್ಲದಿದ್ದರೆ ಆ ಸಂಜೆ ಮನೆಗೆ ಹೋಗುತ್ತಿರಲಿಲ್ಲ.

'ಬಿಂದು ಬದಲಾಗಲಿ, ಇಟ್ಟವು ಇದ್ದಲ್ಲೇ ಇರಲಿ' ಎಂದು ಹೇಳುವ ಅವಕಾಶ ಬ್ಲಾಕ್ ಎಡಿಟರಿನಲ್ಲೇ ಇರಬೇಕಿತ್ತು. ಆ ಕೊರತೆಯನ್ನು ತುಂಬುವುದು ಲೀ ಮ್ಯಾಕ್ ಎಂಬ ಪ್ರೋಗ್ರಾಮರ್ ಉಚಿತವಾಗಿ ಕೊಟ್ಟಿರುವ ಲಿಸ್ಪ್ ಪ್ರೋಗ್ರಾಂ, ಅಂದರೆ ಆಟೋಕ್ಯಾಡ್‌ನೊಳಗೆ ಓಡುವ ಆಟೋಲಿಸ್ಪ್ ಭಾಷೆಯಲ್ಲಿ ಬರೆದದ್ದು. ಅದರ ಸಿಬಿಪಿ ಕಮಾಂಡ್ ಬಿಂದುವನ್ನು ಬದಲಿಸಿ ಬ್ಲಾಕುಗಳನ್ನು ಸರಿಯಲು ಬಿಡುತ್ತದೆ; ಸಿಬಿಪಿಆರ್ ಕಮಾಂಡ್ ಪ್ರತಿ ಬ್ಲಾಕಿನ ಇನ್ಸರ್ಷನ್ ಪಾಯಿಂಟನ್ನೂ ತಕ್ಕಷ್ಟು ಸರಿಸಿ, ಕಣ್ಣಿಗೆ ಕಾಣುವ ಗೆರೆಗಳನ್ನು ಇದ್ದಲ್ಲೇ ಉಳಿಸುತ್ತದೆ. ನನ್ನ ಬಾಗಿಲುಗಳಿಗೆ ಬೇಕಾಗಿದ್ದದ್ದು ಎರಡನೆಯದು. ಆಟೋಕ್ಯಾಡ್‌ನ ಅಗ್ಗದ, ಸರಳ ರೂಪವಾದ ಎಲ್‌ಟಿ ಬಳಸುವವರಿಗೆ ಈ ದಾರಿ ತೆರೆದದ್ದು ತಡವಾಗಿ, ಏಕೆಂದರೆ ಆಟೋಲಿಸ್ಪ್ ಅದರಲ್ಲಿ ಸೇರಿದ್ದು 2024ರ ಆವೃತ್ತಿಯಿಂದ.

ಬ್ಲಾಕ್ ಎಡಿಟರನ್ನೇ ನೆಚ್ಚಿಕೊಂಡವರು ಇನ್ನೊಂದು ವಿಷಯವನ್ನೂ ಗಮನಿಸಬೇಕು. ಬಾಗಿಲಿನ ಸಂಖ್ಯೆಯಂತಹ ಆಟ್ರಿಬ್ಯೂಟ್ (ಬ್ಲಾಕಿಗೆ ಸೇರಿಸಿದ ಬರಹ) ಇರುವ ಬ್ಲಾಕುಗಳಲ್ಲಿ ಗೆರೆಗಳು ಸರಿದರೂ ಅಕ್ಷರಗಳು ಹಳೆಯ ಜಾಗದಲ್ಲೇ ನಿಂತಿರುತ್ತವೆ, ಅವನ್ನು ಬ್ಲಾಕಿನ ಹೊಸ ರೂಪಕ್ಕೆ ಹೊಂದಿಸುವ ಆಟ್‌ಸಿಂಕ್ ಕಮಾಂಡ್ ಕೊಡುವವರೆಗೆ. ಆಟ್‌ಸಿಂಕ್ ಕೊಟ್ಟರೆ, ಯಾರಾದರೂ ಕೈಯಿಂದ ಪಕ್ಕಕ್ಕೆ ಸರಿಸಿಟ್ಟಿದ್ದ ಸಂಖ್ಯೆಗಳೂ ಬ್ಲಾಕಿನಲ್ಲಿ ನಿಗದಿಯಾದ ಜಾಗಕ್ಕೇ ಮರಳುತ್ತವೆ.